ಕಾಡುಮೇಷ್ಟ್ರ ಹಕ್ಕಿ

"ಸೀಟಿ ಊದಿದ ಹಾಗಿದೆಯಲ್ಲ ಸರ್," ಎನ್ನುತ್ತ ಪುಸ್ತಕದಂಗಡಿಯವರು ಕಣ್ಣು ತೆರೆದರು.

ಕಣ್ಣು ತೆರೆಯುವ ಹಾಗಿರಲಿಲ್ಲ. ಕಾಡಿನಲ್ಲಿ ಬದುಕುಳಿಯುವ ವಿದ್ಯೆ ಕಲಿಯಲು ಪೇಟೆಯಿಂದ ಬಂದವರನ್ನೆಲ್ಲ ದೊಡ್ಡ ಮರದ ಕೆಳಗೆ ಕೂರಿಸಿ, ಕಣ್ಣು ಮುಚ್ಚಿ ಕಾಡಿನ ಮಾತು ಕೇಳಿ ಎಂದಿದ್ದರು ಕಾಡುಮೇಷ್ಟ್ರು. ಒಂದಿಬ್ಬರಿಗೆ ಆಗಲೇ ತೂಕಡಿಕೆ ಹತ್ತಿತ್ತು. ಅಂಗಡಿಯವರ ಹೆಂಡತಿ ಮಾತ್ರ ಅಲ್ಲಿರಲಿಲ್ಲ. ಬೆಂಕಿ ಹೊತ್ತಿಸುವ ಪಾಠಕ್ಕೆ ಒಣ ಪುರಳೆ ಆರಿಸಿ ತರುತ್ತೇನೆಂದು ಎದ್ದು ಹೋಗಿದ್ದರು. ಯಾರೂ ಒಬ್ಬರೇ ಹೋಗಬಾರದೆಂಬುದು ಮೇಷ್ಟ್ರದೇ ನಿಯಮ. ಪಾಠದ ಹುರುಪಿನಲ್ಲಿದ್ದ ಅವರು ತಲೆಯೆತ್ತದೆ ಹೂಂ ಎಂದುಬಿಟ್ಟಿದ್ದರು.

ಕೆಳಗಿನ ಕೊರಕಲಿನ ಕಡೆಯಿಂದ ಮತ್ತೆ ಕೇಳಿಸಿತು, ಸಣ್ಣದಾಗಿ. ಆ ದನಿ ಯಾವುದೆಂದು ಮೇಷ್ಟ್ರಿಗೆ ಹೊಳೆಯಲಿಲ್ಲ. ಆದರೆ ಅಷ್ಟು ಮುಖಗಳು ತಮ್ಮತ್ತ ತಿರುಗಿರುವಾಗ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಬೇಕಲ್ಲ.

"ಸೀಟಿಯಲ್ಲ, ಹಕ್ಕಿ," ಎಂದರು ನಗುತ್ತ. "ಹೆಣ್ಣು ಹಕ್ಕಿ, ಜೋಡೀನ ಕರೀತಿದೆ. ನಿಮ್ಮ ಕಿವೀಲಿ ಇನ್ನೂ ಪೇಟೆ ಗದ್ದಲವೇ ಕೂತಿದೆ ಸರ್, ಸ್ವಲ್ಪ ಇಳೀಲಿ."

ಎಲ್ಲರೂ ನಕ್ಕರು. ಅಂಗಡಿಯವರೂ ಪೆಚ್ಚಾಗಿ ನಕ್ಕು ಕಣ್ಣು ಮುಚ್ಚಿದರು. ಹಕ್ಕಿ ಇನ್ನೂ ಸುಮಾರು ಹೊತ್ತು ಕೂಗಿತು. ಪ್ರತಿ ಸಲವೂ ಮೇಷ್ಟ್ರು ಬೆರಳೆತ್ತಿ, ಕೇಳಿಸಿಕೊಳ್ಳಿ ಎಂದು ಸನ್ನೆ ಮಾಡಿದರು. ಆಮೇಲೆ ಅದು ಸುಮ್ಮನಾಯಿತು.

ಬೆಂಕಿಯ ಪಾಠಕ್ಕೆ ಹೊತ್ತಾಯಿತು, ಪುರಳೆ ಬರಲಿಲ್ಲ. ಆಗ ಮೇಷ್ಟ್ರಿಗೆ ಸೀಟಿಯ ನೆನಪಾಯಿತು. ಎಲ್ಲರ ಕೊರಳಿಗೂ ಒಂದೊಂದು ಸೀಟಿ ಹಾಕಿ, ಅಪಾಯವಾದರೆ ಇದ್ದಲ್ಲೇ ಇದ್ದು ಮೂರು ಮೂರು ಸಲ ಊದಿ ಎಂದು ಹೇಳಿಕೊಟ್ಟವರು ಅವರೇ. ಅಂಗಡಿಯವರನ್ನು ಕರೆದುಕೊಂಡು ಬಿದ್ದಂಬೀಳ ಕೊರಕಲಿಗೆ ಇಳಿದರು. ಕಾಲು ಉಳುಕಿಸಿಕೊಂಡ ಆಕೆ ಒಂದು ಮರಕ್ಕೆ ಒರಗಿ ಕೂತಿದ್ದರು, ಹೇಳಿಕೊಟ್ಟ ಹಾಗೆಯೇ. ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು.

"ಉಸಿರು ಹೋಗೋವರೆಗೂ ಊದಿದೆ ಕಣ್ರೀ," ಎಂದರು ಗಂಡನಿಗೆ. "ನಿಮಗೆ ಕೇಳಿಸಲೇ ಇಲ್ವಾ?"

ಅಂಗಡಿಯವರು ಮೇಷ್ಟ್ರ ಕಡೆ ಒಮ್ಮೆ ನೋಡಿದರು. "ಕೇಳಿಸ್ತು ಕಣೇ. ನಾನೇ ಅದನ್ನ ಹಕ್ಕಿ ಅಂದ್ಕೊಂಡೆ."

ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಮರುಗಳಿಗೆಯೇ, ಹಾಗಾಯಿತಲ್ಲ ಎಂದು ತಮ್ಮ ಮೇಲೆಯೇ ಹೇಸಿಗೆಯಾಯಿತು. ತಲೆ ತಗ್ಗಿಸಿ ಆಕೆಯ ಕಾಲಿಗೆ ಬಟ್ಟೆ ಸುತ್ತತೊಡಗಿದರು.

ಆಕೆ ಗಂಡನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಕಟ್ಟಿಕೊಂಡ ಹೆಂಡತಿ ಕೂಗಿದರೂ ತಿಳಿಯದ ಕಿವಿ ಯಾತಕ್ಕೆ ಬಂತು ಎಂದರು. ಅಂಗಡಿಯವರು ತಪ್ಪಾಯಿತು, ತಪ್ಪಾಯಿತು ಎನ್ನುತ್ತಲೇ ಇದ್ದರು. "ಪಕ್ಕದಲ್ಲೇ ಮೇಷ್ಟ್ರಿದ್ರಲ್ಲ, ಅವರನ್ನ ಒಂದು ಮಾತು ಕೇಳಬಾರದಿತ್ತಾ? ಅವರಾಗಿದ್ರೆ ಆಗಲೇ ಓಡಿ ಬರ್ತಿದ್ರು," ಎಂದರು ಆಕೆ.

ಮೇಷ್ಟ್ರು ಬಟ್ಟೆಯ ಗಂಟು ಬಿಗಿದು ತಲೆಯೆತ್ತಿದರು.

"ಕೇಳಿದ್ರಮ್ಮ," ಎಂದರು. "ಸೀಟಿ ಅಂತಾನೇ ಅಂದ್ರು. ಹಕ್ಕಿ ಅಂದೋನು ನಾನು. ಅಂಥ ಹಕ್ಕಿ ಯಾವುದೂ ಇಲ್ಲ."

ಎಬ್ಬಿಸಲೆಂದು ಮೇಷ್ಟ್ರು ಚಾಚಿದ ಕೈಯನ್ನು ಬಿಟ್ಟು, ಆಕೆ ಗಂಡನ ಹೆಗಲು ಹಿಡಿದು ಎದ್ದರು. ಮೂವರೂ ಏರು ಹತ್ತತೊಡಗಿದರು. ಮೇಷ್ಟ್ರು ಮುಂದೆ, ಗಂಡ ಹೆಂಡತಿ ಹಿಂದೆ, ಕುಂಟುತ್ತ, ನಿಲ್ಲುತ್ತ. ಬೆನ್ನ ಹಿಂದಿನ ಒಂದೊಂದು ನರಳಿಕೆಗೂ ಮೇಷ್ಟ್ರ ಕತ್ತು ಇನ್ನಷ್ಟು ಕುಗ್ಗುತ್ತಿತ್ತು.

ಮೇಲೆ ದಾರಿ ಕವಲೊಡೆಯಿತು. ಕಣ್ಣು ಕಟ್ಟಿ ಬಿಟ್ಟರೂ ಹೋಗಬಲ್ಲ ಜಾಗ ಅದು. ಮೇಷ್ಟ್ರು ಎಡಕ್ಕೆ ಹೆಜ್ಜೆ ಇಟ್ಟರು.

"ಸರ್," ಎಂದರು ಆಕೆ ಹಿಂದಿನಿಂದ, ಕೋಪವಿಲ್ಲದೆ. "ಇವರನ್ನೂ ಒಂದು ಮಾತು ಕೇಳಿ."