ಕೊನೆ ಸೀನ್ ಮೊದಲು

ನಿರ್ದೇಶಕ ಕಟ್ ಅಂದಮೇಲೂ ಅಕ್ಕನ ಚಪ್ಪಾಳೆ ನಿಲ್ಲಲಿಲ್ಲ. ಹಾಡಿ ಕುಣಿದು ಟಾಕೀಸೊಂದನ್ನು ಉಳಿಸಿಕೊಳ್ಳುವವರ ನಗೆ ಸಿನಿಮಾ ಅದು. ಶೂಟಿಂಗ್ ನಡೆಯುತ್ತಿದ್ದದ್ದು ತಮ್ಮನ ಹೆಸರಿನಲ್ಲಿದ್ದ ಈ ಹಳೇ ಟಾಕೀಸಿನಲ್ಲೇ. ಬಾಡಿಗೆ ಜನವೇ ಆದರೂ ಇವತ್ತು ಸೀಟೆಲ್ಲ ಭರ್ತಿ. ಟಿಕೆಟ್ ಕೌಂಟರಿನಲ್ಲಿ ನೊಣ ಹೊಡೆಯುತ್ತ ಕೂರುತ್ತಿದ್ದ ಅಕ್ಕ ತಮ್ಮನ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹೊಸ ಕೆಂಪು ಪರದೆ ನೋಡಿ ಅವಳ ಮುಖ ಊರಗಲವಾಗಿತ್ತು.

"ಈ ಪರದೆ ಬಿಚ್ಕೊಂಡು ಹೋಗ್ತೀರಾ?" ಪಕ್ಕಕ್ಕೆ ಬಂದ ಸಹಾಯಕ ನಿರ್ದೇಶಕಿಯನ್ನು ಕೇಳಿದಳು.

"ಹೌದಮ್ಮ. ಕೊನೆ ಸೀನ್ ಮೊದಲೇ ತೆಗೀತಿದೀವಿ. ಟಾಕೀಸ್ ಬಿದ್ದುಹೋದ ಹಾಗೆ ನಾಯಕಿಗೆ ಕನಸು ಬೀಳತ್ತಲ್ಲ, ಅದು ಮುಂದಿನ ವಾರ. ಬಿದ್ದಮೇಲೆ ಮತ್ತೆ ನಿಲ್ಲಿಸೋಕಾಗಲ್ವಲ್ಲ."

"ಬೀಳೋದು ಸೆಟ್ ತಾನೆ?"

"ಸೆಟ್ ಯಾಕಮ್ಮ? ಹೇಗಿದ್ರೂ ಇದನ್ನೇ ಕೆಡವ್ತಾರಂತೆ. ನಿಮ್ಮ ಪಕ್ಕದಲ್ಲಿರೋ ಸಾರ್ ಆಗಲೇ ಮಾರಿದಾರಲ್ಲ."

ಅಕ್ಕ ತಮ್ಮನ ಕಡೆ ತಿರುಗಿದಳು. ಅವನು ಸೀಟಿನ ಹರಿದ ರೆಕ್ಸಿನ್ನಿನೊಳಗೆ ಬೆರಳು ತುರುಕುತ್ತ ಕೂತಿದ್ದ. "ಹೇಳೋಣ ಅಂತಾನೇ ಇದ್ದೆ ಅಕ್ಕಾ," ಅಂದ.

"ಇನ್ನೊಂದು ಟೇಕ್. ಚಪ್ಪಾಳೆ ಜೋರಾಗಿರಲಿ," ನಿರ್ದೇಶಕ ಕೂಗಿದ. ಹಾಡು ಶುರುವಾಯಿತು. ಎಲ್ಲರ ಜೊತೆ ತಮ್ಮನೂ ಚಪ್ಪಾಳೆಗೆ ಕೈ ಎತ್ತಿದ. ಅಕ್ಕ ಆ ಎರಡೂ ಕೈಗಳನ್ನು ಹಿಡಿದು ತನ್ನ ಮಡಿಲಿಗೆ ಒತ್ತಿಕೊಂಡಳು. ಬಿಡಿಸಿಕೊಳ್ಳಲು ನೋಡಿದ, ಅವಳು ಬಿಡಲಿಲ್ಲ.

"ಆ ಅಕ್ಕ ತಮ್ಮ ಕೈ ಹಿಡ್ಕೊಂಡು ಕೂತಿರೋದು ಚೆನ್ನಾಗಿದೆ," ಮಾನಿಟರ್ ನೋಡುತ್ತಿದ್ದ ನಿರ್ದೇಶಕ ಕ್ಯಾಮೆರಾದವನಿಗೆ ಹೇಳಿದ. "ಅವರನ್ನ ಇನ್ನೂ ಹತ್ತಿರದಿಂದ ತೆಗಿ."