ಮೂರು ಹಗುರ ತುಂಡುಗಳು

“ಹೇಗೆ ಸದ್ದು ಮಾಡ್ತದೆ, ಮಾಡಿ ತೋರಿಸು,” ಎಂದಳು ಟ್ವೈಲಾ. ಆ ಊರಿನಲ್ಲಿ ಹಿಮಬಂಡಿಯ ಇಂಜಿನ್ ಕಾಯಿಲೆಯನ್ನು ಯಾರೂ ವಿವರಿಸುವುದಿಲ್ಲ. ಬಾಯಲ್ಲೇ ಓಡಿಸಿ ತೋರಿಸುತ್ತಾರೆ.

ತಮ್ಮ ರಾಯ್ಸ್ ಕಾಫಿ ಲೋಟ ಕೆಳಗಿಟ್ಟು, ತುಟಿ ಕೂಡಿಸಿ, “ಭೂಂ... ಭುಂ... ಭು...” ಎಂದು ನಿಂತುಹೋದ. “ಕೆಳಗೆ ನಮ್ಮ ಕಣಿವೇಲಿ ವ್ವೀಂ ಅಂತ ಹೋಗ್ತದೆ ಅಕ್ಕ. ಇಷ್ಟು ಎತ್ತರಕ್ಕೆ ಬಂದ್ರೆ ಅಜ್ಜಿ ಮೆಟ್ಟಿಲು ಹತ್ತಿದ ಹಾಗೆ.”

“ಇಲ್ಲಿ ಗಾಳಿ ತೆಳು, ಇಂಜಿನ್‌ಗೆ ಉಸಿರು ಸಾಲಲ್ಲ. ಕ್ಲಚ್ಚಲ್ಲಿ ಮಾತ್ರ ಕಣಿವೆಗೆ ಹಾಕಿದ ಭಾರದ ತುಂಡುಗಳೇ ಇವೆ. ಏದುಸಿರು ಬಿಡೋನ ತಲೆ ಮೇಲೆ ಮೂಟೆ ಹೊರಿಸಿದೀಯ.”

“ಅದಕ್ಕೇ ಇವನ್ನ ತಂದಿದೀನಿ.” ಚಿಂದಿಯಲ್ಲಿ ಸುತ್ತಿದ್ದ ಮೂರು ಹಗುರ ಉಕ್ಕಿನ ತುಂಡುಗಳನ್ನು ಅವಳ ಅಂಗೈಗೆ ಸುರಿದ. “ಹಳೇವು ತೆಗೆದು ಇವನ್ನ ಹಾಕು. ಇವತ್ತು ಉಪ್ಪಿನ ಬಟ್ಟಲು ಹತ್ತಬೇಕು. ಹಾರ್ಲನ್ ಗೆರೆಗಿಂತ ಒಂದು ಮಾರು ಮೇಲೆ.”

ಉಪ್ಪಿನ ಬಟ್ಟಲು ಅವಳ ರಿಪೇರಿ ಅಂಗಡಿ ಬಾಗಿಲಿಗೆ ನೇರ ಎದುರಿಗಿರುವ ಇಳಿಜಾರು. ಯಾರ ಬಂಡಿ ಎಲ್ಲರಿಗಿಂತ ಮೇಲೆ ಹಿಮದಲ್ಲಿ ಗೆರೆ ಎಳೆದು ತಿರುಗುತ್ತದೋ ಅವರ ಹೆಸರು ಹೋಟೆಲಿನ ತೊಲೆಯ ಮೇಲೆ. ಹೋದ ಮಾರ್ಚಿನಲ್ಲಿ ಹಾರ್ಲನ್ ತಿರುಗಿದ್ದೇನೋ ನಿಜ. ಇಳಿದದ್ದು ಮಾತ್ರ ಕುಸಿದ ಹಿಮದ ಕೆಳಗೆ. ಅಗೆದು ತೆಗೆದವರಲ್ಲಿ ಟ್ವೈಲಾಳೂ ಇದ್ದಳು.

“ಅವನ ಹೆಸರು ಅಲ್ಲೇ ಇದ್ಕೊಳ್ಲಿ ಬಿಡೋ.”

“ಸತ್ತೋರ ಹೆಸರು ಕಲ್ಲಿನ ಮೇಲಿದ್ರೆ ಸಾಕಕ್ಕ. ತೊಲೆ ಬದುಕಿರೋರಿಗೆ.”

ಟ್ವೈಲಾ ಬಂಡಿಯ ಮುಚ್ಚಳ ಎತ್ತಿದಳು. ಬೆಲ್ಟ್ ಕಳಚಿದಳು, ಕ್ಲಚ್ ಬಿಚ್ಚಿದಳು, ತಮ್ಮನಿಗೆ ಬೆನ್ನು ಮಾಡಿ ನಿಂತು ಭಾರದ ತುಂಡುಗಳನ್ನು ಒರೆಸಿ ಅವನ್ನೇ ಮತ್ತೆ ಕೂರಿಸಿದಳು. ಕೆಲಸ ಮುಗಿದ ಮೇಲೆ ಹಗುರದವು ಅವಳ ಮುಷ್ಟಿಯಲ್ಲೇ ಉಳಿದವು. ಈ ತೂಕಕ್ಕೆ ಬಂಡಿ ಇಳಿಜಾರಿನ ಬುಡದಲ್ಲೇ ಏದುಸಿರು ಬಿಟ್ಟು ನಿಲ್ಲುತ್ತದೆ, ಅವನು ಬೈದುಕೊಂಡು ವಾಪಸ್ ಬರುತ್ತಾನೆ ಎಂಬುದು ಅವಳ ಲೆಕ್ಕ.

ಲೆಕ್ಕದಲ್ಲಿ ಚಳಿ ಬಿಟ್ಟುಹೋಗಿತ್ತು. ಬಾಗಿಲಾಚೆ ಇಟ್ಟ ಕಾಫಿ ಗಡ್ಡೆ ಕಟ್ಟುವಂಥ ಬೆಳಗು. ಅಂಥ ಚಳಿಯಲ್ಲಿ ತೆಳು ಗಾಳಿಯೂ ಕೊಂಚ ಗಟ್ಟಿಯಾಗುತ್ತದೆ, ಇಂಜಿನ್‌ಗೆ ನಾಲ್ಕು ಉಸಿರು ಹೆಚ್ಚು ಸಿಗುತ್ತದೆ. ರಾಯ್ಸ್ ಹೊರಟ; ಬಂಡಿ ಬುಡ ದಾಟಿತು. ಅದರ ಮೇಲಿನ ಬಂಡೆಯನ್ನೂ ದಾಟಿತು. ಇಳಿಜಾರಿನ ನಟ್ಟನಡುವೆ, ರಾಯ್ಸ್ ಬಾಯಲ್ಲಿ ಮಾಡಿ ತೋರಿಸಿದ್ದ ಹಾಗೆಯೇ, “ಭೂಂ... ಭುಂ... ಭು...” ಎಂದು ಹೂತು ನಿಂತಿತು.

ಮೇಲೆ ಹೋದವನು ತಿರುಗಬಹುದು, ಕೆಳಗಿದ್ದವನು ಓಡಬಹುದು. ನಡುವೆ ನಿಂತವನ ನೆತ್ತಿಯ ಮೇಲೆ ಇಡೀ ಗುಡ್ಡದ ಹಿಮ. ಟ್ವೈಲಾ ಮುಷ್ಟಿ ಬಿಗಿದೇ ಬಾಗಿಲಲ್ಲಿ ನಿಂತಳು. ಎದುರಿಗೆ ಕಪ್ಪು ಚುಕ್ಕೆಯೊಂದು ಸಲಿಕೆಯಲ್ಲಿ ತೋಡುತ್ತಲೇ ಇತ್ತು. ನಲವತ್ತು ನಿಮಿಷ. ಗುಡ್ಡ ಅಲುಗಲಿಲ್ಲ.

ರಾಯ್ಸ್ ಬಂದಾಗ ಗಡ್ಡಕ್ಕೆ ಹಿಮ ಕಚ್ಚಿಕೊಂಡಿತ್ತು. ಕೈಗವಸು ಕಳಚಿದ. ಸಲಿಕೆ ಹಿಡಿದ ಬೆರಳುಗಳು ಇನ್ನೂ ಮಡಚಿಯೇ ಇದ್ದವು.

“ಅದೇ ಹಳೇ ಸದ್ದು ಅಕ್ಕ,” ಎಂದು ಅಂಗೈ ಚಾಚಿದ. “ಕೊಡು.”

ಅವಳು ಮುಷ್ಟಿ ಬಿಚ್ಚಿ ಮೂರೂ ತುಂಡುಗಳನ್ನು ಅವನ ಕೈಗೆ ಹಾಕಿದಳು. ಬೈಯಲೆಂದೇ ಬಾಯಿ ತೆರೆದಿದ್ದವನು ಅಂಗೈ ನೋಡಿಕೊಂಡ.

“ಬಿಸಿ ಇವೆ,” ಎಂದ.