ಕೇಳಿ ಮುಟ್ಟಬೇಕು

ಅಮ್ಮ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಧ್ಯಾಹ್ನ ದುಬೈಯಿಂದ ದೊಡ್ಡಪ್ಪ ನಮ್ಮ ಉದ್ಯಾವರದ ಮನೆಗೆ ಬಂದಿದ್ದರು. ಅವರ ಸೆಂಟಿನಂಥ ವಾಸನೆ ಬಂದರೆ ಈಗಲೂ ನನ್ನ ಕೈ ಕೆನ್ನೆ ಮುಚ್ಚುತ್ತದೆ. ಆಗ ನನಗೆ ನಾಲ್ಕು ವರ್ಷ; ಅಮ್ಮನೇ ನಮ್ಮ ಅಂಗನವಾಡಿ ಟೀಚರ್.

"ಮುತ್ತು ಕೊಟ್ಟರೆ ಚಾಕಲೇಟ್," ಎಂದು ದೊಡ್ಡಪ್ಪ ನನ್ನನ್ನು ಎಳೆದುಕೊಂಡರು. ಗಡ್ಡ ಚುಚ್ಚಿತು.

"ಕೇಳಿ ಮುಟ್ಟಬೇಕು!" ಎಂದು ಕಿರುಚಿದೆ. ಅಂಗನವಾಡಿಯಲ್ಲಿ ಕೈ ಕೈ ಹಿಡಿದು ಆಡುವ ಮೊದಲು ಅಮ್ಮ ನಮ್ಮೆಲ್ಲರಿಂದ ಹೇಳಿಸುತ್ತಿದ್ದ ಮಾತದು.

"ಎಂತ ಸೊಕ್ಕು ಮಾರಾಯ್ತಿ ಇವಳಿಗೆ!" ಅಜ್ಜಿ ಗದರಿದರು. "ದೊಡ್ಡಪ್ಪ ಅಲ್ವಾ? ಕೊಡು."

ಅಮ್ಮ ಒದ್ದೆ ಕೈ ಒರೆಸುತ್ತಾ ಬಂದಳು. "ಕೈ ಮುಗಿದು ಬೆಸಾಂವ್ ಕೇಳುತ್ತಾಳೆ ಭಾವ, ಆಶೀರ್ವಾದ ಮಾಡಿ. ಮುತ್ತು ಗಿತ್ತು ಎಂತದೂ ಇಲ್ಲ. ಬಿಡಿ ಅವಳನ್ನು."

ದೊಡ್ಡಪ್ಪ ಬಿಟ್ಟರು. ನಾನು ಕೈ ಮುಗಿದೆ, ಕೆನ್ನೆ ಕೊಡಲಿಲ್ಲ.

ಆಸ್ಪತ್ರೆಯಿಂದ ಅಮ್ಮ ಮರಳಲಿಲ್ಲ. ಫೋಟೊಗಳು ಉಳಿದಿವೆ. ಅವಳ ಧ್ವನಿ ಮಾತ್ರ ಯಾರ ಫೋನಿನಲ್ಲೂ ಇಲ್ಲ; ನನ್ನ ಕಿವಿಯಲ್ಲಿ ಉಳಿದಿರುವುದು ಆ "ಬಿಡಿ ಅವಳನ್ನು" ಒಂದೇ.